ತಾಯಿ ಕಣ್ಣು ಮುಚ್ಚಿದ ಮೇಲೆ ಯಾರು?

ಕಡೂರು ತಾಲ್ಲೂಕಿನ ಬಯಲು ಭಾಗದ ಒಂದು ಹಳ್ಳಿ. ಊರಿನ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ತಾಯಿಗೆ ತೊಂದರೆಯಾದೀತು. ಬರೆಯದಿದ್ದರೆ ವಾಚಕರಿಗೆ ನಷ್ಟವೇನೂ ಇಲ್ಲ. ಏಕೆಂದರೆ ತರೀಕೆರೆಯ ಅಡಿಕೆ ತೋಟಗಳ ಕಡೆಯಾಗಲಿ, ಅಜ್ಜಂಪುರದ ಈರುಳ್ಳಿ ಹೊಲಗಳ ಕಡೆಯಾಗಲಿ, ಇಂಥ ಮನೆ ಒಂದಾದರೂ ಇಲ್ಲದ ಹೋಬಳಿಯನ್ನು ನಾವು ಕಂಡಿಲ್ಲ.

ಎಪ್ಪತ್ತು ದಾಟಿದ ವಿಧವೆ, ನಲವತ್ತು ವರ್ಷದ ಮಗ. ಅವನಿಗೆ ಮಾತು ಬಾರದು. ತಾನಾಗಿ ಉಣ್ಣಲಾರ, ಉಡಲಾರ. ಊರ ಮುಂದೆ ರೈಲು ಹಳಿ, ಮನೆಯ ಹಿಂದೆ ತೆರೆದ ಬಾವಿ. ತಾಯಿ ಕೂಲಿಗೆ ಹೋಗುವ ದಿನ ಮಗನ ಸೊಂಟಕ್ಕೆ ಹಗ್ಗ ಸುತ್ತಿ ಜಗಲಿಯ ಕಂಬಕ್ಕೆ ಕಟ್ಟಿ ಹೋಗುತ್ತಾಳೆ. ಗಂಟು ಚರ್ಮಕ್ಕೆ ಒತ್ತದಿರಲೆಂದು ಹಳೆಯ ಸೀರೆಯ ತುಂಡನ್ನು ಒಳಗೆ ಇಡುತ್ತಾಳೆ. ಪಡಿತರ ಚೀಟಿಯ ತಕರಾರೊಂದನ್ನು ವಿಚಾರಿಸಲು ನಾವು ಆ ಬೀದಿಗೆ ಹೋಗಿದ್ದೆವು. ಆಕೆ ನಮ್ಮಿಂದ ಮನೆ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ಒಂದೇ ಮಾತು ಹೇಳಿದಳು: "ದೇವ್ರು ನನ್ನ ಇವನ ಹಿಂದೆ ಕರ್ಕೊಳ್ಳಲಿ ಮೇಷ್ಟ್ರೇ, ಮುಂದೆ ಬ್ಯಾಡ."

ಹೆತ್ತ ತಾಯಿ ಮಗನಿಗೆ ತನಗಿಂತ ಮುಂಚೆ ಸಾವು ಬರಲೆಂದು ಬೇಡುವ ರಾಜ್ಯದಲ್ಲಿ ನಾವಿದ್ದೇವೆ. ಇದು ಯಾರ ರಾಜ್ಯ, ಇದರ ಹೊಣೆ ಯಾರದು ಎಂದು ಕೇಳುವುದಕ್ಕಾಗಿಯೇ ಈ ಲೇಖನ.

ಆ ಪ್ರಶ್ನೆಯನ್ನು ಹೊತ್ತು ನಾವು ಮೇಜಿನಿಂದ ಮೇಜಿಗೆ ಅಲೆದೆವು. ಒಂದು ಮೇಜಿನವರು, "ಪಿಂಚಣಿ ಬರುತ್ತಿದೆಯಲ್ಲ, ಇನ್ನೇನು?" ಎಂದರು. ಎರಡನೆಯವರು, "ಮನೆ ಬೇಕಾದರೆ ಪಂಚಾಯಿತಿಗೆ ಅರ್ಜಿ ಹಾಕಿಸಿ" ಎಂದರು. ಮೂರನೆಯವರು, "ಇದು ಹುಟ್ಟಿನಿಂದ ಬಂದ ಬುದ್ಧಿಯ ಕೊರತೆಯೋ, ಮನೋರೋಗವೋ? ರೋಗವಾದರೆ ಮಾತ್ರ ನಮ್ಮದು" ಎಂದರು. ನಾಲ್ಕನೆಯವರು ವಯಸ್ಸು ಕೇಳಿ, "ಹದಿನೆಂಟು ದಾಟಿದ ಮೇಲೆ ನಮಗೆ ಬರುವುದಿಲ್ಲ" ಎಂದರು. ಐದನೆಯವರು ದೂರದ ಊರಿನ ಒಂದು ಆಶ್ರಮದ ಫೋನ್ ನಂಬರು ಬರೆದುಕೊಟ್ಟು, "ನೀವೇ ವಿಚಾರಿಸಿಕೊಳ್ಳಿ" ಎಂದರು. ಆ ಆಶ್ರಮಕ್ಕೆ ನೋಂದಣಿ ಉಂಟೆ, ಒಳಗೆ ಹೋಗಿ ನೋಡಿದವರು ಯಾರು ಎಂದು ಕೇಳಿದೆವು. "ಅದು ನಮ್ಮ ಇಲಾಖೆಗೆ ಸೇರಿದ್ದಲ್ಲ" ಎಂಬ ಉತ್ತರ ಬಂತು. ಯಾರೂ ನಮ್ಮನ್ನು ಗದರಿಸಲಿಲ್ಲ. ಒಬ್ಬ ಗುಮಾಸ್ತರು ಆ ಮುದುಕಿಗೆ ಕುರ್ಚಿ ಹಾಕಿ ಟೀ ತರಿಸಿದರು ಎಂಬುದನ್ನೂ ಹೇಳಬೇಕು. ಒಳ್ಳೆಯ ಮನುಷ್ಯರೇ ಕೂತಿದ್ದರು. ಆದರೆ ಐದು ಮೇಜುಗಳಲ್ಲಿ ಒಂದಾದರೂ "ಈ ಮನುಷ್ಯ ನನ್ನ ಹೊಣೆ" ಎನ್ನುವಂತಿರಲಿಲ್ಲ.

ಕಾನೂನು ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾನೂನು ಬೇಕಾದಷ್ಟು ಉಂಟು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರ ಅಕ್ಟೋಬರ್ 1ರಂದು ಒಪ್ಪಿಗೆ ಮುದ್ರೆ ಒತ್ತಿತು. ಅದಕ್ಕೆ ಅನುಸಾರವಾಗಿ 2016ರಲ್ಲಿ ಪಾರ್ಲಿಮೆಂಟು ಮಾಡಿದ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 5ನೆಯ ಕಲಮು ಏನು ಹೇಳುತ್ತದೆ? ಅಂಗವಿಕಲರಿಗೆ ಜನರ ನಡುವೆ ಬಾಳುವ ಹಕ್ಕುಂಟು. ಇಂಥ ಕಡೆಯೇ ಇರಬೇಕೆಂದು ಅವರನ್ನು ಕಟ್ಟಿಹಾಕಕೂಡದು. ಮನೆಯಲ್ಲಾಗಲಿ ವಸತಿಗೃಹದಲ್ಲಾಗಲಿ ಬಾಳಲು ಬೇಕಾದ ಆಸರೆಯನ್ನು ಸರ್ಕಾರ ದೊರಕಿಸಲು ಯತ್ನಿಸತಕ್ಕದ್ದು. 37ನೆಯ ಕಲಮು ವಸತಿ ಯೋಜನೆಗಳಲ್ಲಿ ನೂರಕ್ಕೆ 5ರ ಮೀಸಲು ಇಟ್ಟು, ಅದರಲ್ಲೂ ಹೆಂಗಸರಿಗೆ ಮೊದಲ ಸ್ಥಾನ ಕೊಟ್ಟಿದೆ. 50ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದೆ ಅಂಗವಿಕಲರ ಸಂಸ್ಥೆಯನ್ನು ಯಾರೂ ನಡೆಸುವಂತಿಲ್ಲ. 72ನೆಯ ಕಲಮು ಜಿಲ್ಲೆಗೊಂದು ಸಮಿತಿ ಇರಬೇಕೆನ್ನುತ್ತದೆ.

2017ರ ಮಾನಸಿಕ ಆರೋಗ್ಯ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮನೆಯವರು ಒಲ್ಲೆಂದರು, ಇರಲು ಸೂರಿಲ್ಲ, ಊರಲ್ಲಿ ವ್ಯವಸ್ಥೆಯಿಲ್ಲ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ಆಸ್ಪತ್ರೆಯಲ್ಲಿ ಕೂಡಿಹಾಕಕೂಡದೆಂದು ಅದರ 19ನೆಯ ಕಲಮು ಸಾರುತ್ತದೆ. ಆಸ್ಪತ್ರೆ ಮತ್ತು ಮನೆಗಳ ನಡುವಣ ತಂಗುಮನೆ, ನಾಲ್ಕಾರು ಮಂದಿ ಕೂಡಿ ಬಾಳುವ ಮನೆ, ಆಸರೆಯುಳ್ಳ ವಸತಿ—ಇವನ್ನು ಒದಗಿಸುವ ಕರ್ತವ್ಯ ಸರ್ಕಾರದ್ದೆಂದು ಬರೆದಿದೆ. ಮನೋರೋಗಿಗಳನ್ನು ಯಾವ ರೂಪದಲ್ಲೂ ಸರಪಳಿಯಿಂದ ಕಟ್ಟಕೂಡದೆಂದೂ ಅದೇ ಕಾಯಿದೆ ನಿಷೇಧಿಸಿದೆ. ಬಹಳ ಒಳ್ಳೆಯದು. ಆದರೆ ಕಟ್ಟಕೂಡದೆಂದು ಹೇಳಿದ ಸರ್ಕಾರ, ಕಟ್ಟದಿದ್ದರೆ ಹಗಲು ಹೊತ್ತು ನೋಡಿಕೊಳ್ಳುವವರು ಯಾರೆಂಬುದನ್ನು ಆ ಬಯಲುಸೀಮೆಯ ಜಗಲಿಗೆ ಬಂದು ಹೇಳಿತೆ?

ರೋಗ ಎಲ್ಲಿದೆ ಎಂದರೆ ಹಂಚಿಕೆಯಲ್ಲಿದೆ. ಮನುಷ್ಯ ಒಬ್ಬನೇ, ಅವನನ್ನು ಸರ್ಕಾರ ಆರು ತುಂಡು ಮಾಡಿಕೊಂಡಿದೆ. ಅವನ ಪಿಂಚಣಿ ಕಂದಾಯ ಇಲಾಖೆಗೆ ಸೇರಿತು. ಅವನ ಸರ್ಟಿಫಿಕೇಟೂ ಮನಸ್ಸೂ ಆರೋಗ್ಯ ಇಲಾಖೆಗೆ. ಅವನ ಗುರುತಿನ ಚೀಟಿ, ಸಲಕರಣೆ, ವಸತಿ ಸಂಸ್ಥೆಗಳ ಅನುದಾನ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ. ಹದಿನೆಂಟರ ಒಳಗಿದ್ದರೆ ಮಹಿಳಾ ಮತ್ತು ಮಕ್ಕಳ ಇಲಾಖೆಗೆ. ಅವನ ಸೂರು ಗ್ರಾಮ ಪಂಚಾಯಿತಿಯ ಮೂಲಕ ರಾಜೀವ್ ಗಾಂಧಿ ವಸತಿ ನಿಗಮಕ್ಕೆ. ತಾಯಿ ಸತ್ತು ಅವನು ಬೀರೂರು ಜಂಕ್ಷನ್ನಿನಲ್ಲಿ ಕೈಚಾಚಿ ಕುಳಿತರೆ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಹಿಡಿಸಿಕೊಂಡು ಸಮಾಜ ಕಲ್ಯಾಣ ಇಲಾಖೆಗೆ! ಆಗ ಮಾತ್ರ ಅವನು ಎಲ್ಲಿ ಮಲಗುತ್ತಾನೆ ಎಂಬುದು ಸರ್ಕಾರದ ಚಿಂತೆಯಾಗುತ್ತದೆ. ಬದುಕಿದ್ದಾಗ ತಾಯಿ ನೋಡಿಕೊಂಡಳು, ಬೀದಿಗೆ ಬಿದ್ದ ಮೇಲೆ ಸರ್ಕಾರ ಹಿಡಿಯಿತು. ನಡುವೆ ಏನೂ ಇಲ್ಲ.

ತನಿಖೆಯ ವಿಷಯದಲ್ಲೂ ಇದೇ ಕಥೆ. 50ನೆಯ ಕಲಮು ನೋಂದಣಿ ಕಡ್ಡಾಯವೆಂದಿತು ಎಂದೆವಷ್ಟೆ? ಅದರ ಬಾಲದಲ್ಲೇ ಒಂದು ವಿನಾಯಿತಿ ಇದೆ: ಮನೋರೋಗಿಗಳ ಪಾಲನೆಗೆ ಬೇರೆ ಕಾಯಿದೆಯ ಕೆಳಗೆ ಲೈಸೆನ್ಸು ಪಡೆದ ಸಂಸ್ಥೆಗೆ ಈ ನೋಂದಣಿ ಬೇಡ. ಹೀಗಾಗಿ ಒಂದು ಬಾಗಿಲು ಆರೋಗ್ಯದವರದು, ಪಕ್ಕದ ಬಾಗಿಲು ಸಬಲೀಕರಣದವರದು, ಮಕ್ಕಳ ಕೋಣೆ ಮತ್ತೊಬ್ಬರದು. ಒಂದೇ ಕಾಂಪೌಂಡಿನೊಳಗೆ ಮಗು, ಮುದುಕ, ಮನೋರೋಗಿ, ಮಾತು ಬಾರದವ ಎಲ್ಲರೂ ಇರುವ ಆಶ್ರಮಗಳುಂಟು. ಅಂಥಲ್ಲಿ ಪ್ರತಿಯೊಬ್ಬ ಅಧಿಕಾರಿಯೂ ತನ್ನ ಪಾಲಿನದಲ್ಲದ ಕೋಣೆಯನ್ನು ತೋರಿಸಿ ಪಾರಾಗಬಹುದು.

ಮೇಲ್ವಿಚಾರಣೆ ಇಲ್ಲದ ಆಸರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ತಡಿಕೆಯ ಕೊಟ್ಟಿಗೆಗೆ ಬೆಂಕಿ ಬಿತ್ತು. ಒಳಗಿದ್ದ ಮನೋರೋಗಿಗಳು ಸರಪಳಿಯಲ್ಲಿದ್ದರು. ಓಡಲಾಗದೆ 28 ಮಂದಿ ಸತ್ತರು. ಅದು ಖಾಸಗಿಯವರದು ಎಂದೀರಿ. 2010ರ ಆಗಸ್ಟ್ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ, ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅದು ಸರ್ಕಾರದ್ದೇ ಆಗಿತ್ತು. ನಗರದ ಮನೆಗಂದಾಯದ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರವೆಂದು ವಸೂಲು ಮಾಡುವುದು ಇಂಥ ಕೇಂದ್ರಗಳಿಗಾಗಿಯೇ. ಕಡೂರು, ಬೀರೂರು, ತರೀಕೆರೆಯ ಪುರಸಭೆಗಳ ರಸೀತಿಯನ್ನು ಮನೆಯಲ್ಲಿಟ್ಟುಕೊಂಡವರು ತೆಗೆದು ನೋಡಲಿ. ನಮ್ಮ ಕರ ಅಲ್ಲಿಗೆ ಹೋಯಿತು. ನಮ್ಮ ಕಣ್ಣು ಹೋಗಲಿಲ್ಲ. 2024ರ ಜುಲೈ ತಿಂಗಳಲ್ಲಿ ದೆಹಲಿ ಸರ್ಕಾರದ ಆಶಾ ಕಿರಣ ಎಂಬ ವಸತಿಗೃಹದಲ್ಲಿ ಹತ್ತಕ್ಕೂ ಹೆಚ್ಚು ಸಾವುಗಳಾದುವು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಇಂಥ ಆರೈಕೆ ಸಂಸ್ಥೆಗಳನ್ನು 8 ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಪರಿಶೀಲಿಸಬೇಕೆಂದು ಆಜ್ಞೆ ಮಾಡಬೇಕಾಯಿತು. ವಾಚಕರು ಯೋಚಿಸಲಿ: ಕಾನೂನು ಕಾಲೇಜಿನ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೋರ್ಟು ಕಳಿಸಬೇಕಾಯಿತೆಂದರೆ, ಸಂಬಳ ಪಡೆದು ನೋಡಬೇಕಾಗಿದ್ದವರು ಏನು ಮಾಡುತ್ತಿದ್ದರು?

ಇನ್ನು ನಮ್ಮ ಎದುರಾಳಿಗಳ ಮಾತಿಗೆ ಬರೋಣ.

"ಇದು ಕುಟುಂಬದ ಧರ್ಮ, ಸರ್ಕಾರಕ್ಕೆ ಇದರಲ್ಲಿ ಕೆಲಸವೇನು?" ಎನ್ನುವ ಮಹಾಶಯರಿದ್ದಾರೆ. ಧರ್ಮವನ್ನು ನಲವತ್ತು ವರ್ಷ ಪಾಲಿಸಿದವಳ ಕಥೆಯನ್ನೇ ನಾವು ಮೊದಲು ಹೇಳಿದ್ದು. ಆಕೆಗೆ ಧರ್ಮೋಪದೇಶ ಮಾಡುವ ಯೋಗ್ಯತೆ ನಮಗ್ಯಾರಿಗೂ ಇಲ್ಲ. ಪ್ರಶ್ನೆ ಇರುವುದು ಧರ್ಮ ಪಾಲಿಸುವ ದೇಹ ಸವೆದ ಮೇಲೆ ಏನು ಎಂಬುದರಲ್ಲಿ. ಇನ್ನೊಂದು ಮಾತು: ಬಹುಪಾಲು ಮನೆಗಳಲ್ಲಿ ಈ "ಕುಟುಂಬ" ಎಂಬುದು ಕೊನೆಗೆ ಒಬ್ಬ ಹೆಂಗಸು. ತಾಯಿ, ಇಲ್ಲವೆ ಮದುವೆಯಾಗದೆ ಉಳಿದ ಅಕ್ಕ, ಇಲ್ಲವೆ ಸೊಸೆ. ಧರ್ಮದ ಮಾತಾಡುವವರು ಗಂಡಸರು, ಹೊಲಸು ಬಳಿಯುವವರು ಹೆಂಗಸರು.

"ಪುಣ್ಯಾತ್ಮರು ಆಶ್ರಮ ನಡೆಸುತ್ತಿದ್ದಾರಲ್ಲ, ಅವರನ್ನೇಕೆ ಕಾಡಬೇಕು?" ಎನ್ನುವವರು ಎರಡನೆಯವರು. ಒಳ್ಳೆಯ ಆಶ್ರಮ ನಡೆಸುವವರನ್ನು ನಾವು ಗೌರವಿಸುತ್ತೇವೆ. ಅವರಿಗೆ ತನಿಖೆಯಿಂದ ಭಯವಿರಬೇಕಾಗಿಲ್ಲ. ಹಾಲಿನಲ್ಲಿ ನೀರು ಬೆರೆಸದವನು ಲ್ಯಾಕ್ಟೋಮೀಟರಿಗೆ ಹೆದರುತ್ತಾನೆಯೆ? ತನಗೆ ಹೊಡೆದರೆಂದು ಹೇಳಲು ಬಾಯಿಲ್ಲದವನನ್ನು ಗೋಡೆಯೊಳಗೆ ಬಿಟ್ಟು ಬಂದ ಮೇಲೆ, ಗೋಡೆಯ ಹೊರಗಿನವರು ಒಳಗೆ ಬರುವ ಹಕ್ಕು ಇರಲೇಬೇಕು. ಪುಣ್ಯ ಮಾಡುವವನ ಮರ್ಜಿಯ ಮೇಲೆ ನಿಂತ ಅನ್ನ ಭಿಕ್ಷೆ. ಲೆಕ್ಕ ಕೇಳಬಹುದಾದ ಅನ್ನ ಹಕ್ಕು.

"ಹಣವಿಲ್ಲ" ಎಂಬುದು ಮೂರನೆಯ ಮಾತು. ಅಂಗವಿಕಲರ ಪಿಂಚಣಿಯಲ್ಲಿ ಕೇಂದ್ರ ಸರ್ಕಾರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಗೆ ಏರಿ, ವರ್ಷಗಟ್ಟಲೆ ಅಲ್ಲೇ ಕಾಲು ಮುರಿದು ಕುಳಿತುದನ್ನು ನಾವು ಬಲ್ಲೆವು. ಆದರೂ ಇದ್ದ ಹಣದ ಮಾತಾಡೋಣ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ನೂರಕ್ಕೆ 5ರಂತೆ ತೆಗೆದಿಡಬೇಕೆಂಬ ಆದೇಶವುಂಟು. ಎಷ್ಟೋ ಕಡೆ ಅದು ಮಾರ್ಚ್ ತಿಂಗಳ ಕೊನೆಗೆ ನೆನಪಾಗಿ, ತ್ರಿಚಕ್ರ ಸೈಕಲ್ಲಿನ ಮುಂದೆ ಫೋಟೋ ತೆಗೆಸಿಕೊಳ್ಳುವ ಸಮಾರಂಭದಲ್ಲಿ ಮುಗಿದುಹೋಗುತ್ತದೆ. ಒಂದು ತಾಲ್ಲೂಕಿನ ಪಂಚಾಯಿತಿಗಳೆಲ್ಲ ಆ ಹಣದ ಒಂದು ಭಾಗವನ್ನು ಕೂಡಿಸಿದರೆ ಬಾಡಿಗೆಮನೆಯೊಂದನ್ನು ಹಿಡಿಯಲಾಗದೆ? ಆದರೆ ಕೂಡಿಸುವವರು ಬೇಕಲ್ಲ! ಹಣದ ಅಭಾವಕ್ಕಿಂತ ಮೊದಲು ನಿಲ್ಲುವುದು ಈ ಕೂಡಿಸುವವರ ಅಭಾವ.

ಲೆಕ್ಕವಿಡುವ ಶಕ್ತಿ ಸರ್ಕಾರಕ್ಕಿಲ್ಲವೆಂದೂ ಹೇಳುವಂತಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಕಾಲದಿಂದ, ಈ ನಾಡಿನ ಸರ್ಕಾರಗಳು ಆ ದನಗಳಿಗೆ ಕಾವಲು ಬಿಟ್ಟು, ಇಲಾಖೆ ಇಟ್ಟು ಸಾಕಿಕೊಂಡು ಬಂದಿವೆ. ನಾವು ದನಗಳ ವಿರೋಧಿಗಳಲ್ಲ, ಅವು ಚೆನ್ನಾಗಿರಲಿ. ದನಕ್ಕೆ ಪುಸ್ತಕ ಇಟ್ಟ ಊರಿನಲ್ಲಿ, ಮುದಿ ತಾಯಿಯನ್ನೇ ನಂಬಿ ಬದುಕಿದ ಅಂಗವಿಕಲರು ಯಾವ ಯಾವ ಮನೆಯಲ್ಲಿದ್ದಾರೆ ಎಂಬ ಪುಸ್ತಕ ಎಲ್ಲಿದೆ ಎಂದಷ್ಟೇ ನಮ್ಮ ಪ್ರಶ್ನೆ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರನ್ನು ಎಣಿಸಿತು. ತಲೆ ಎಣಿಸಿತು ನಿಜ. ಆ ತಲೆಗೆ ನಾಳೆ ದಿಂಬು ಕೊಡುವವರು ಯಾರೆಂದು ಎಣಿಸಲಿಲ್ಲ.

ಹೆಸರು ಬದಲಾಯಿಸುವುದರಲ್ಲಿ ಮಾತ್ರ ನಮ್ಮ ಆಳುವವರು ಸೋಮಾರಿಗಳಲ್ಲ. ಅಂಗವಿಕಲರು ವಿಕಲಚೇತನರಾದರು, ವಿಕಲಚೇತನರು ವಿಶೇಷಚೇತನರಾದರು. ಪ್ರತಿ ಸಲವೂ ಬೋರ್ಡಿಗೆ ಹೊಸ ಬಣ್ಣ. ಅಜ್ಜಂಪುರಕ್ಕೆ ತಾಲ್ಲೂಕಿನ ಪಟ್ಟವೂ ಬಂತು; ಆದರೂ ಇಂಥ ಮಗನೊಬ್ಬನ ಕೆಲಸಕ್ಕೆ ಅಜ್ಜಂಪುರದವರು ಬೀರೂರು, ಕಡೂರು ದಾಟಿ ಚಿಕ್ಕಮಗಳೂರಿನ ಬಸ್ಸು ಹತ್ತಬೇಕು. ಲಕ್ಕವಳ್ಳಿಯಿಂದ ಒಂದು ಸಹಿಗಾಗಿ, ನಡೆಯಲಾಗದ ಮಗಳನ್ನು ಹೊತ್ತು ಎರಡು ಬಸ್ಸು ಬದಲಿಸಿ ಬರುವ ತಂದೆಗೆ "ವಿಶೇಷ" ಎಂಬ ಮಾತು ಹೇಗೆ ಕೇಳಿಸೀತು?

ಆಗದ ಕೆಲಸವನ್ನು ನಾವು ಕೇಳುತ್ತಿಲ್ಲ. ಚೆನ್ನೈಯ ಬ್ಯಾನ್ಯನ್ ಸಂಸ್ಥೆಯವರು 2015ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದ, ಹೋಗಲು ಮನೆಯಿಲ್ಲದ ಹೆಂಗಸರಿಗೆ ಸಾಧಾರಣ ಬೀದಿಗಳಲ್ಲಿ ಬಾಡಿಗೆಮನೆ ಹಿಡಿದು, ನಾಲ್ಕೈದು ಮಂದಿಯನ್ನು ಒಟ್ಟಿಗೆ ಇರಿಸಿ, ಸಂಬಳದ ಸಹಾಯಕಿಯರನ್ನು ಕೊಟ್ಟರು. ಅಡಿಗೆ ತಮ್ಮದು, ಸಂತೆ ತಮ್ಮದು, ಬಾಗಿಲಿನ ಬೀಗದ ಕೈ ತಮ್ಮದು. ಕೇರಳದಲ್ಲಿ 2004ರಿಂದ ಸ್ಥಳೀಯ ಪಂಚಾಯಿತಿಗಳೇ ಕುಟುಂಬಶ್ರೀಯ ಹೆಂಗಸರೊಡನೆ ಸೇರಿ ಬಡ್ಸ್ ಎಂಬ ಶಾಲೆಗಳನ್ನೂ ಹಗಲು ಕೇಂದ್ರಗಳನ್ನೂ ನಡೆಸಿಕೊಂಡು ಬಂದಿವೆ. ನಮ್ಮ ನೆರೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ತೀವ್ರ ಮನೋರೋಗಿಗಳನ್ನು ಮನೆಮನೆಗೆ ಹೋಗಿ ಗುರುತಿಸಿ, ಊರಲ್ಲೇ ಔಷಧ ಸಿಗುವಂತೆ ಮಾಡಿ, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡರು. ಅಲ್ಲಿ ಆದದ್ದು ಘಾಟಿಯ ಈಚೆಗೆ ಏಕಾಗದು?

ದಕ್ಷಿಣ ಕನ್ನಡದ ಪಾಠವನ್ನೂ ಇಲ್ಲಿ ನೆನೆಯಬೇಕು. ಗೇರುತೋಟಗಳಿಗೆ ಎಂಡೋಸಲ್ಫಾನ್ ಸುರಿದು ಮಕ್ಕಳ ಬದುಕು ಹಾಳಾದ ಮೇಲೆ, ಜನ ಬೀದಿಗಿಳಿದ ಮೇಲೆ, ವಿಷಯ ಹೈಕೋರ್ಟಿನ ಮುಂದೆ ಹೋದ ಮೇಲೆ ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ನಡೆದುವು. ಅವು ತಾಯಂದಿರಿಗೆ ಉಸಿರಾಡಲು ಹಗಲನ್ನು ಕೊಟ್ಟುವು. ಆದರೆ ಹಗಲು ಕೇಂದ್ರ ಸಂಜೆ ಬಾಗಿಲು ಹಾಕುತ್ತದೆ. ರಾತ್ರಿಯ ಪ್ರಶ್ನೆ, ತಾಯಿ ಇಲ್ಲದ ರಾತ್ರಿಯ ಪ್ರಶ್ನೆ, ಹಾಗೆಯೇ ಉಳಿಯುತ್ತದೆ.

ಸರ್ಕಾರವನ್ನು ಮಾತ್ರ ಬೈದು ನಾವು ಕೈ ತೊಳೆದುಕೊಂಡರೆ ಅದು ಪ್ರಾಮಾಣಿಕತೆಯಲ್ಲ. ನಮ್ಮ ಬೀದಿಯಲ್ಲಿ ಇಂಥ ಮನೆಯೊಂದು ಬರುತ್ತದೆಂದರೆ ಬಾಡಿಗೆಗೆ ಕೊಡುವವರು ಎಷ್ಟು ಮಂದಿ? "ಮಕ್ಕಳಿರುವ ಬೀದಿ, ಬೇಡ ಮೇಷ್ಟ್ರೇ" ಎಂದು ನಮಗೆ ಹೇಳಿದವರಲ್ಲಿ ನಮ್ಮ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರೂ ಇದ್ದರು. ನಾವೇ ಶಾಲೆಯಲ್ಲಿದ್ದಾಗ, ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಗೆ ಬಾರದ ಹುಡುಗಿಯೊಬ್ಬಳ ಮನೆಗೆ ಒಂದು ಸಲವೂ ಹೋಗಲಿಲ್ಲ. ಕಾಲಿಲ್ಲದವಳು ಹೇಗೆ ಬಂದಾಳು ಎಂದು ನಾವೇ ತೀರ್ಮಾನಿಸಿ ಗೈರುಹಾಜರಿ ಹಾಕುತ್ತಿದ್ದೆವು. ಆ ನಾಚಿಕೆ ನಮ್ಮ ಪಾಲಿನದು.

ಈಗ ನಮ್ಮ ಬೇಡಿಕೆಗಳು.

ಮೊದಲನೆಯದು: ತಾಲ್ಲೂಕಿಗೊಂದು ಪುಸ್ತಕ. ಮುದಿ ತಂದೆತಾಯಿಯರ ಆಶ್ರಯದಲ್ಲೋ ಒಂಟಿಯಾಗಿಯೋ ಇರುವ ಪ್ರತಿ ಅಂಗವಿಕಲರ ಹೆಸರು, ಇಂದು ಯಾರ ಆಸರೆ, ನಾಳೆ ಯಾರ ಆಸರೆ ಎಂಬುದು ಅದರಲ್ಲಿರಬೇಕು. ಇದನ್ನು ಬರೆಯುವವರು ಈಗಲೇ ಇದ್ದಾರೆ. ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೂ ಅಂಗವಿಕಲರು, ಪ್ರತಿ ಮನೆಯನ್ನೂ ಬಲ್ಲವರು. ಅವರಿಗೆ ಗೌರವಧನವೆಂಬ ಚಿಲ್ಲರೆಯ ಬದಲು ಗೌರವವಾದ ಸಂಬಳ ಕೊಡಿ.

ಎರಡನೆಯದು: ತಾಲ್ಲೂಕಿಗೊಬ್ಬ ಹೊಣೆಗಾರ ಅಧಿಕಾರಿ. ಆರು ಇಲಾಖೆಯವರನ್ನೂ ತಿಂಗಳಿಗೊಮ್ಮೆ ಗೊತ್ತಾದ ದಿನ ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಅವರಿಗಿರಲಿ. ಆ ಮೇಜಿಗೆ ಬಂದ ತಾಯಿಯನ್ನು ಬೇರೆ ಮೇಜಿಗೆ ಕಳಿಸಕೂಡದು. ಸಭೆಯ ನಡಾವಳಿಯನ್ನು ತಾಲ್ಲೂಕು ಕಚೇರಿಯ ಬಾಗಿಲಿಗೆ ಅಂಟಿಸತಕ್ಕದ್ದು.

ಮೂರನೆಯದು: ಯಾವ ಕಾಯಿದೆಯ ಕೆಳಗೆ ನೋಂದಣಿಯಾಗಿದ್ದರೂ ಸರಿ, ಅಂಗವಿಕಲರು ವಾಸಿಸುವ ಪ್ರತಿ ಮನೆಗೂ ಒಂದೇ ತನಿಖಾ ತಂಡ. ಅದರಲ್ಲಿ ಅಧಿಕಾರಿಯ ಜೊತೆಗೆ ವೈದ್ಯರು, ಒಬ್ಬ ಅಂಗವಿಕಲ, ಒಬ್ಬ ತಾಯಿ ಇರಲಿ. ಮುನ್ಸೂಚನೆಯಿಲ್ಲದೆ ಹೋಗಲಿ, ಊಟದ ಹೊತ್ತಿಗೊಮ್ಮೆ, ರಾತ್ರಿಯೊಮ್ಮೆ. ವರದಿಯನ್ನು ಆ ಮನೆಯ ಬಾಗಿಲಲ್ಲೂ ಹಾಕಲಿ, ಗ್ರಾಮಸಭೆಯಲ್ಲೂ ಓದಲಿ.

ನಾಲ್ಕನೆಯದು: ಕಡೂರಿಗೊಂದು, ತರೀಕೆರೆಗೊಂದು, ಅಜ್ಜಂಪುರಕ್ಕೊಂದು ಚಿಕ್ಕ ಮನೆ. ಊರಾಚೆಯ ದೊಡ್ಡ ಕಟ್ಟಡ ನಮಗೆ ಬೇಡ. ಅಂಗಡಿ, ಆಸ್ಪತ್ರೆ, ಬಸ್‌ಸ್ಟ್ಯಾಂಡು ಹತ್ತಿರವಿರುವ ಬೀದಿಯಲ್ಲಿ, ನಾಲ್ಕೈದು ಮಂದಿಗೆ, ಸಂಬಳದ ಸಹಾಯಕರೊಡನೆ. ತಾಯಿ ಬದುಕಿರುವಾಗಲೇ ಮಗ ಅಲ್ಲಿ ತಿಂಗಳಲ್ಲಿ ನಾಲ್ಕು ದಿನ ಇದ್ದು ಬರಲಿ. ಆ ಮನೆ ಅವನಿಗೆ ಪರಿಚಯವಾಗಲಿ, ಬೀದಿಗೆ ಅವನು ಪರಿಚಯವಾಗಲಿ.

ಐದನೆಯದು: ವಸತಿ ಯೋಜನೆಗಳ ನೂರಕ್ಕೆ 5ರ ಪಾಲು ಯಾರಿಗೆ ಸೇರಿತು ಎಂಬ ಪಟ್ಟಿಯನ್ನು ಪ್ರತಿ ಪಂಚಾಯಿತಿಯೂ ಗೋಡೆಯ ಮೇಲೆ ಬರೆಸತಕ್ಕದ್ದು.

ಈ ಬೇಡಿಕೆಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ಇರುವ ಕಾಯಿದೆಗಳನ್ನು ಒಂದೇ ಮೇಜಿಗೆ ತಂದರೆ ಸಾಕು. ಮುಂದಿನ ಗ್ರಾಮಸಭೆ ನಿಮ್ಮ ಊರಿನಲ್ಲಿ ಸೇರಿದಾಗ ವಾಚಕರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಲಿ: "ನಮ್ಮೂರಲ್ಲಿ ಇಂಥ ಮನೆ ಎಷ್ಟು? ಆ ತಾಯಿಯ ನಂತರ ಯಾರು?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಕೆಳಗೆ ರುಜು ಹಾಕಿಸಿ. ಉತ್ತರ ಇಲ್ಲವೆಂದರೆ ಇಲ್ಲವೆಂದೇ ಬರೆಯಿಸಿ. ಮೂರು ತಾಲ್ಲೂಕಿನ ಪುಸ್ತಕಗಳಲ್ಲಿ "ಇಲ್ಲ" ಎಂಬ ಮಾತು ಸಾಲಾಗಿ ನಿಂತ ದಿನ ಅದನ್ನು ಹೊತ್ತು ನಾವು ಚಿಕ್ಕಮಗಳೂರಿಗೆ ಹೋಗುತ್ತೇವೆ.

ಆ ಹಳ್ಳಿಗೆ ಕಳೆದ ವಾರ ಮತ್ತೆ ಹೋಗಿದ್ದೆವು. ತಾಯಿಗೆ ಮಂಡಿ ಊತ. ಕೂಲಿಗೆ ಹೋಗುವುದು ನಿಂತಿದೆ. ಹಗ್ಗ ಕಂಬಕ್ಕೆ ಸುತ್ತಿಕೊಂಡು ಹಾಗೆಯೇ ಇತ್ತು. ಈಗ ಕಟ್ಟುತ್ತಿಲ್ಲವೆ ಎಂದು ಕೇಳಿದೆವು. "ನಾನೇ ಮನೇಲಿದ್ದೀನಲ್ಲ, ಯಾಕೆ ಕಟ್ಲಿ?" ಎಂದಳು. ಮಗ ಅವಳ ಸೆರಗು ಹಿಡಿದು ಕುಳಿತಿದ್ದ.